ಮೊದಲು ಇಸವಿ, ಆಮೇಲೆ ಸ್ಪ್ಯಾನರ್

ಪೊಮೋನಾದ ಮೈದಾನದಲ್ಲಿ ಕಂಡ ಆ ಕಪ್ಪು ರೋಡ್‌ಸ್ಟರಿನ ಫೋಟೊಗಳನ್ನು ಒಂದರ ಹಿಂದೊಂದು ಕಳಿಸಿ, ಕೊನೆಗೆ ‘ಮಾವ, ನಾನೂ ಇಂಥದ್ದೇ ಒಂದು ಕಟ್ಟಬೇಕು’ ಅಂತ ಬರೆದಿದ್ದೀಯಲ್ಲ, ಕಟ್ಟಪ್ಪ. ಬೇಡ ಅನ್ನುವ ಕೆಲಸವನ್ನು ಬೆಂಗಳೂರಿನಲ್ಲಿ ಕೂತು ನಿಮ್ಮಮ್ಮ ಮಾಡುತ್ತಾಳೆ, ಅದರಲ್ಲಿ ನಾನು ಪಾಲು ಕೇಳುವುದಿಲ್ಲ. ಆದರೆ ದುಡ್ಡು ಕೈಬಿಡುವ ಮುಂಚೆ ನಾಲ್ಕು ಮಾತು ಕೇಳಿಸಿಕೋ. ಈ ಲಾಸ್ ಏಂಜಲೀಸಿನ ಮಶೀನ್ ಶಾಪುಗಳಲ್ಲಿ ಲೇತಿನ ಮುಂದೆ ನಿಂತೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಹಾಟ್ ರಾಡ್ ಅನ್ನುವ, ವೇಗಕ್ಕಾಗಿ ಮಾರ್ಪಡಿಸಿದ ಇಂಥ ಹಳೇ ಕಾರುಗಳ ಹುಚ್ಚು ಹತ್ತಿದವರ ಸಹವಾಸ ಬೇಕಾದಷ್ಟು ಮಾಡಿದ್ದೇನೆ.

ನಿನ್ನ ಫೋಟೊಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಆ ಕಾರು ಮನಸ್ಸಿಗೆ ಹಿಡಿಸಿದ್ದಕ್ಕೆ ನೀನು ಕೊಟ್ಟ ಕಾರಣ ‘ಲುಕ್’. ಇರಲಿ. ಆದರೆ ಆ ಲುಕ್ ಎಲ್ಲಿಂದ ಬಂತು ಅಂತ ಹುಡುಕಿದೆಯಾ? ಹಿಂದಿನ ದೀಪಗಳು 1939ರ ಫೋರ್ಡಿನವು, ನೀರಹನಿಯ ಆಕಾರ. ಮೀಟರುಗಳು ಸ್ಟುವರ್ಟ್-ವಾರ್ನರ್. ಎಂಜಿನ್ನಿನ ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರು. ಡ್ಯಾಶ್‌ಬೋರ್ಡಿನ ಸ್ಕ್ರೂಗಳ ತಲೆಯಲ್ಲಿ ಒಂದೇ ಗೀರು. ಅಲೆನ್ ಕೀ ಹಾಕುವ ಬೋಲ್ಟು ಹುಡುಕಿದರೂ ಸಿಗಲಿಲ್ಲ. ಬಣ್ಣ ಕಪ್ಪು, ಮೇಲೆ ಗಾಜು ಮೆತ್ತಿದ ಹಾಗೆ ಹೊಳೆಯುವ ಕ್ಲಿಯರ್ ಕೋಟ್ ಇಲ್ಲ. ಒಟ್ಟು ಕಾರಿನಲ್ಲಿ 1948ರ ಈಚಿನದು ಅಂತ ಬೆರಳು ತೋರಿಸುವಂಥದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಕಟ್ಟಿದವನು ಒಂದು ಇಸವಿ ಹಿಡಿದು, ಅದರಾಚೆ ಕಾಲಿಡಲಿಲ್ಲ. ನಿನ್ನನ್ನು ನಿಲ್ಲಿಸಿದ್ದು ಆ ಹಟ.

ಹಾಗಾಗಿ ಗ್ಯಾರೇಜಿಗೆ ಕಾಲಿಡುವ ಮುಂಚೆ ಒಂದು ಚೀಟಿಯಲ್ಲಿ ಇಸವಿ ಬರೆದು ಗೋಡೆಗೆ ಅಂಟಿಸು. ‘ಹಳೇ ಕಾಲದ್ದು’ ಅನ್ನುವುದು ಇಸವಿಯಲ್ಲ. 1941ರ ಕಾರು ಬೇರೆ, 1948ರದು ಬೇರೆ, 1956ರದು ಇನ್ನೂ ಬೇರೆ. ಓಲ್ಡ್ಸ್‌ಮೊಬೀಲ್‌ನ ರಾಕೆಟ್ ವಿ8 ಎಂಜಿನ್ ಬಂದದ್ದು 1949ರ ಮಾಡೆಲಿಗೆ. ಷೆವರ್ಲೆಯ ಸಣ್ಣ ವಿ8, ಅದೇ 265 ಕ್ಯೂಬಿಕ್ ಇಂಚಿನದು, 1955ಕ್ಕೆ. ನೀನು 1948 ಅಂತ ಬರೆದಿದ್ದರೆ ಇವೆರಡೂ ನಿನ್ನ ಪಾಲಿಗೆ ಹುಟ್ಟಿಲ್ಲ. ಮುಂದಿನ ಕಾಲದ ಒಂದೇ ಒಂದು ಪಾರ್ಟು ಸೇರಿದರೂ ಸಾಕು, ಶ್ರಾದ್ಧದ ಅಡುಗೆಗೆ ಈರುಳ್ಳಿ ಹಾಕಿದ ಹಾಗೆ. ತಿಳಿದವರು ಏನೂ ಅನ್ನುವುದಿಲ್ಲ, ಎಲೆ ಮುಂದಿನಿಂದ ಎದ್ದು ಹೋಗುತ್ತಾರೆ.

ದೊಡ್ಡ ದೊಡ್ಡವರೂ ಈ ಆಯ್ಕೆಯಿಂದ ತಪ್ಪಿಸಿಕೊಳ್ಳಲಾಗಿಲ್ಲ ಕಣೋ. ಬಾಬ್ ಮೆಗೀ ಅನ್ನುವವರ 1932ರ ಫೋರ್ಡ್ ರೋಡ್‌ಸ್ಟರ್ ಇತ್ತು. ಹಾಟ್ ರಾಡ್ ಪತ್ರಿಕೆಯ 1948ರ ಅಕ್ಟೋಬರ್ ಸಂಚಿಕೆಯ ಮುಖಪುಟದಲ್ಲಿ ಬಂದ ಕಾರು ಅದು. ಬಾಗಿಲಿನ ಕೀಲುಗಳನ್ನು ಒಳಗೆ ಅಡಗಿಸಿದ್ದು ಅದರ ವಿಶೇಷ. ಆಮೇಲೆ ಡಿಕ್ ಸ್ಕ್ರಿಚ್‌ಫೀಲ್ಡ್ ಅದನ್ನು ಕೊಂಡರು. ಮೈತುಂಬ ಮಿಣಮಿಣ ಮಿಂಚುವ ಮೆಟಲ್‌ಫ್ಲೇಕ್ ಬಣ್ಣ ಬಳಿಸಿಕೊಂಡು ಆ ಕಾರು ಇನ್ನೊಂದು ಜನ್ಮ ಎತ್ತಿತು. ಎಷ್ಟೋ ವರ್ಷದ ಮೇಲೆ ಅದು ಬ್ರೂಸ್ ಮೇಯರ್ ಎಂಬ ಸಂಗ್ರಾಹಕರ ಕೈಗೆ ಬಂದಾಗ ಪ್ರಶ್ನೆ ಎದ್ದದ್ದು ಇದೇ: ಯಾವ ಕಾರನ್ನು ಮತ್ತೆ ಕಟ್ಟುವುದು? ಮಿಂಚುವ ಕಾರಿಗೂ ಅದರದೇ ಕೀರ್ತಿ ಇತ್ತು. ಅವರು 1948ಕ್ಕೆ ಹಿಂದಿರುಗಿದರು. ಎರಡನ್ನೂ ಒಂದಿಷ್ಟು ಇಟ್ಟುಕೊಳ್ಳೋಣ ಅಂತ ಹೊರಟಿದ್ದರೆ ಎರಡೂ ಉಳಿಯುತ್ತಿರಲಿಲ್ಲ. ಡೋನ್ ಸ್ಪೆನ್ಸರ್ ಅವರ ರೋಡ್‌ಸ್ಟರ್ ಕೂಡ ಮೇಯರ್ ಕೈ ಸೇರಿದ್ದೇ. 1997ರಲ್ಲಿ ಪೆಬಲ್ ಬೀಚಿನ ಶ್ರೀಮಂತರ ಕಾರು ಪ್ರದರ್ಶನಕ್ಕೆ ಮೊದಲ ಬಾರಿ ಹಾಟ್ ರಾಡ್‌ಗಳನ್ನು ಬಿಟ್ಟುಕೊಂಡಾಗ ಆ ವಿಭಾಗದಲ್ಲಿ ಗೆದ್ದದ್ದು ಅದು. ಮೆಕ್ಸಿಕೋದ ಕರೇರಾ ಪನಾಮೆರಿಕಾನಾ ಪಂದ್ಯದಲ್ಲಿ ಓಡಿಸಬೇಕು ಅಂತ ಸ್ಪೆನ್ಸರ್ ಅದನ್ನು ನೆಲದಿಂದ ಎತ್ತರಕ್ಕೆ ನಿಲ್ಲುವಂತೆ ಮಾಡುತ್ತಾ ಹೋಗಿದ್ದರು. ಹಾಗಾಗಿ ಅದರ ನಿಲುವೇ ಬೇರೆ. ಪುಸ್ತಕಗಳಲ್ಲಿ ಅದರ ಚಿತ್ರ ಸಿಕ್ಕರೆ ಮುಂದೆ ಎರಡಾಗಿ ಬಾಗಿದ ಡುವಾಲ್ ಗಾಜನ್ನು ನೋಡು. ನನ್ನ ಕಣ್ಣಿಗೆ ಇಡೀ ಈ ಪರಂಪರೆಯಲ್ಲಿ ಅದಕ್ಕಿಂತ ಚೆಂದದ ಕಾರಿಲ್ಲ. ನಿನಗೆ ಬೇರೆ ಅನ್ನಿಸಬಹುದು, ವಾದ ಮಾಡೋಣ.

ನನ್ನನ್ನು ಕೇಳಿದರೆ 1948 ಹಿಡಿ. ಯಾಕೆ ಅಂದರೆ ಆ ವರ್ಷದ ಕಾರಿನಲ್ಲಿ ಪ್ರತಿಯೊಂದು ತುಂಡಿಗೂ ಒಂದು ಕಾರಣ ಇದೆ, ಆ ಕಾರಣ ನಿನ್ನಂಥ ಎಂಜಿನಿಯರನಿಗೆ ತಕ್ಷಣ ಅರ್ಥವಾಗುವಂಥದ್ದು.

ಮೊದಲು ಬುಡದ ಕಾರು. 1932ರ ಮಾರ್ಚ್ 31ರಂದು ಹೆನ್ರಿ ಫೋರ್ಡ್ ಹೊರಗಿಟ್ಟ ವಿ8: 221 ಕ್ಯೂಬಿಕ್ ಇಂಚು, 65 ಅಶ್ವಶಕ್ತಿ, ಎಂಟೂ ಸಿಲಿಂಡರು ಒಂದೇ ಎರಕದಲ್ಲಿ. ಅಲ್ಲಿಯತನಕ ವಿ8 ಅಂದರೆ ದೊಡ್ಡವರ ಕಾರಿನದು. ಆ ವಿ8 ರೋಡ್‌ಸ್ಟರಿಗೆ ಫೋರ್ಡ್ ಇಟ್ಟ ಬೆಲೆ 460 ಡಾಲರು. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಅವೇ ಕಾರುಗಳು ಹುಡುಗರ ಕಿಸೆಗೆ ಎಟಕುವ ಹಳೇ ಮಾಲಾದವು. ರೋಡ್‌ಸ್ಟರಿಗೆ ಗಟ್ಟಿ ಚಾವಣಿ ಇಲ್ಲ, ಏರಿಸುವ ಕಿಟಕಿಗಾಜಿಲ್ಲ. ಸಂಸಾರಸ್ಥರಿಗೆ ಬೇಡದ ಕಾರು. ತೂಕ ಕಡಿಮೆ. ವೇಗಕ್ಕೆ ಬೇಕಾದದ್ದೂ ಅದೇ.

ಆ ವೇಗವನ್ನು ಓಡಿಸಿ ನೋಡುತ್ತಿದ್ದದ್ದು ಇಲ್ಲೇ, ನಿನ್ನ ಅಪಾರ್ಟ್‌ಮೆಂಟಿನಿಂದ ಬೆಳಗಿನ ಹೊತ್ತು ಹೊರಟರೆ ತಿಂಡಿ ಹೊತ್ತಿಗೆ ಮುಟ್ಟುವ ಮೊಹಾವಿ ಮರುಭೂಮಿಯ ಒಣಕೆರೆಗಳಲ್ಲಿ. ಮ್ಯೂರಾಕ್, ಹಾರ್ಪರ್, ಎಲ್ ಮಿರಾಜ್. ನೀರಿಲ್ಲದ, ತಟ್ಟೆಯಷ್ಟು ಮಟ್ಟಸವಾದ ಜೇಡಿಮಣ್ಣಿನ ನೆಲ. ಓಡಿಸುವ ಕ್ಲಬ್ಬುಗಳೆಲ್ಲ ಸೇರಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಮ್ಯೂರಾಕ್ ಸೇನೆಯ ಪಾಲಾಯಿತು, ಈಗ ಅಲ್ಲಿ ಎಡ್ವರ್ಡ್ಸ್ ವಾಯುನೆಲೆ ಇದೆ. ಎಲ್ ಮಿರಾಜಿನಲ್ಲಿ ಇವತ್ತಿಗೂ ಕಾರು ಓಡಿಸುತ್ತಾರೆ. ನೀನು ಒಂದು ಬೋಲ್ಟು ಕೊಳ್ಳುವ ಮುಂಚೆ ಅಲ್ಲಿಗೊಮ್ಮೆ ಹೋಗಿ ಬಾ, ನೀರು ಜಾಸ್ತಿ ತಗೊಂಡು ಹೋಗು.

ಇನ್ನು ಕಾರಣಗಳು. ಮಡ್‌ಗಾರ್ಡು ಬಿಚ್ಚಿದ್ದು ಚೆಂದಕ್ಕಲ್ಲ, ತೂಕಕ್ಕೆ, ಗಾಳಿಗೆ. ಹಿಂದೆ 7.50–16ರ ಎತ್ತರದ ಟೈರು, ಮುಂದೆ 5.50–16ರ ಸಣ್ಣದು: ಹಿಂದಿನ ಚಕ್ರ ದೊಡ್ಡದಾದರೆ ಎಂಜಿನ್ನಿನ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತದೆ, ಗೇರಿನ ಹಲ್ಲು ಬದಲಿಸದೆ ಕೊನೆಯ ವೇಗ ಏರುತ್ತದೆ. ಮೂತಿ ಕೆಳಗೆ, ಬೆನ್ನು ಮೇಲೆ ಅನ್ನುವ ಆ ಇಳಿಜಾರು ನಿಲುವು ಅಲ್ಲಿಂದ ಬಂತು. ಮುಂದಿನ ಆಕ್ಸಲನ್ನು ಕಾಯಿಸಿ, ತುದಿಗಳಲ್ಲಿ ಎಳೆದು ಬಗ್ಗಿಸಿದರೆ ಸ್ಪ್ರಿಂಗ್ ಪಟ್ಟಿ ಕೆಡಿಸದೆ ಮೂತಿ ತಗ್ಗುತ್ತದೆ. ಸ್ಯಾನ್ ಡಿಯೇಗೋದ ಎಡ್ ಸ್ಟುವರ್ಟ್ ಅದರಲ್ಲಿ ಎಷ್ಟು ಹೆಸರು ಮಾಡಿದರು ಅಂದರೆ ಜನ ಅವರನ್ನು ‘ಆಕ್ಸಲ್’ ಅಂತಲೇ ಕರೆದರು. ಈಗ ಮಾರುಕಟ್ಟೆಯಲ್ಲಿ ಹೊಸದಾಗಿ ಎರಕ ಹೊಯ್ದ ಆಕ್ಸಲುಗಳು ಸಿಗುತ್ತವೆ, ತಗೊಳ್ಳಲು ನಾಚಬೇಡ.

ಗೇರ್‌ಬಾಕ್ಸು 1939ರ ಫೋರ್ಡಿನದೇ ಆಗಬೇಕು. ಮಾರನೆ ವರ್ಷದಿಂದ ಕಾರುಗಳ ಗೇರ್ ಕಡ್ಡಿ ಸ್ಟಿಯರಿಂಗಿನ ಕಂಬಕ್ಕೆ ಏರಿತು. ನೆಲದಿಂದ ಮೇಲೆದ್ದ ಕಡ್ಡಿಯ ಒಳ್ಳೇ ಡಬ್ಬಿ ಅಂದರೆ ಅದೇ ಕೊನೆಯದು. ಅದರೊಳಗೆ ಲಿಂಕನ್ ಝೆಫರ್‌ನ ಹಲ್ಲುಗಳನ್ನು ಕೂರಿಸುತ್ತಿದ್ದರು. ಅದೇ 1939ರಲ್ಲಿ ಇನ್ನೂ ಒಂದು ಸಂಗತಿ ನಡೆಯಿತು: ಕಂಬಿ ಎಳೆದು ಹಿಡಿಯುವ ಬ್ರೇಕಿಗೇ ಜೋತುಬಿದ್ದಿದ್ದ ಹೆನ್ರಿ ಫೋರ್ಡ್ ಕಡೆಗೂ ಹೈಡ್ರಾಲಿಕ್ ಬ್ರೇಕಿಗೆ ಒಪ್ಪಿದರು. ಗುಜರಿಯಲ್ಲಿ ಅಪಘಾತವಾಗಿ ಬಿದ್ದ 1939ರ ಈಚಿನ ಫೋರ್ಡುಗಳಿಂದ ಹುಡುಗರು ಮೊದಲು ಬಿಚ್ಚುತ್ತಿದ್ದದ್ದು ಬ್ರೇಕನ್ನೇ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆ ಅಂದರೆ 1932ರ ಕಂಬಿ ಬ್ರೇಕನ್ನೇ ಉಳಿಸಿಕೊಂಡು ‘ಇದು ಅಸಲಿ’ ಅಂತ ಎದೆ ತಟ್ಟಿಕೊಳ್ಳುವ ಪೈಕಿಯವರು ನಿನಗೂ ಸಿಗುತ್ತಾರೆ. ಕಾರ್ಖಾನೆಯಿಂದ ಬಂದಂತೆ ಇಡುವ ಕೆಲಸ ಅದು, ಒಳ್ಳೆಯ ಕೆಲಸವೇ, ಆದರೆ ಬೇರೆ ಕೆಲಸ. ವೇಗ ಹೆಚ್ಚಿಸಿದ ಹುಡುಗ ನಿಲ್ಲುವ ದಾರಿಯನ್ನೂ ನೋಡಿಕೊಂಡಿದ್ದ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಸವಿ ಸರಿ ಇದ್ದರೂ ಸುಳ್ಳಾಗುವ ಕಾರುಗಳಿವೆ. ಒಂದೇ ಕಾರಿನಲ್ಲಿ ಎಡೆಲ್‌ಬ್ರಾಕ್‌ನ ‘ಸ್ಲಿಂಗ್‌ಶಾಟ್’ ಮ್ಯಾನಿಫೋಲ್ಡು, ಹ್ಯಾಲಿಬ್ರಾಂಡ್‌ನ ಕ್ವಿಕ್-ಚೇಂಜ್ ಹಿಂಭಾಗ, ಹಾರ್ಮನ್ ಅಂಡ್ ಕಾಲಿನ್ಸ್ ಮ್ಯಾಗ್ನೆಟೊ, ಅದರ ಮೇಲೊಂದು ಸೂಪರ್‌ಚಾರ್ಜರು. ಪ್ರತಿಯೊಂದೂ ಆ ಕಾಲದ್ದೇ, ಎಲ್ಲೂ ದೋಷವಿಲ್ಲ. ಆದರೆ 1948ರಲ್ಲಿ ಯುದ್ಧ ಮುಗಿಸಿ ಬಂದು ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ಸೇರಿದ ಹುಡುಗನ ಹತ್ತಿರ ಇವೆಲ್ಲ ಒಟ್ಟಿಗೆ ಎಲ್ಲಿಂದ ಬರಬೇಕು? ವಿಕ್ ಎಡೆಲ್‌ಬ್ರಾಕ್ ಆ ಸ್ಲಿಂಗ್‌ಶಾಟನ್ನು ಮಾಡಿದ್ದೇ ಸುಮಾರು ನೂರರಷ್ಟು. ಆ ಹುಡುಗನಲ್ಲಿ ಇಲ್ಲದೇ ಇದ್ದದ್ದು ದುಡ್ಡು. ಆ ಕೊರತೆಯೂ ಆ ಕಾಲದ್ದೇ ಪಾರ್ಟು ಅಂತ ತಿಳಿ. ಈಗ ಕ್ರೆಡಿಟ್ ಕಾರ್ಡ್ ಹಿಡಿದು ಕಟ್ಟುವವರು ಎಲ್ಲವನ್ನೂ ಹುಡುಕಿ ತಂದು ಹಾಕುತ್ತಾರೆ, ಈ ಒಂದನ್ನು ಬಿಟ್ಟು.

ನೀನು ಮೆಚ್ಚಿದ ಕಾರಿನ ಒಡೆಯ ಅದನ್ನು ಬಿಟ್ಟಿಲ್ಲ. ಮತ್ತೆ ನೋಡು: ಎಂಜಿನ್ನಿನ ಸಿಲಿಂಡರ್ ತಲೆಗಳು ಮಾತ್ರ ಅಲ್ಯುಮಿನಿಯಂ, ಮಿಕ್ಕದ್ದು ಬಹುಪಾಲು ಗುಜರಿ ಮಾಲು. ಚಕ್ರಗಳು ಸಾದಾ ಉಕ್ಕಿನವು. ಒಂದೇ ಒಂದು ಕಡೆ ದುಡ್ಡು ಸುರಿದಿದ್ದಾನೆ, ಉಳಿದ ಕಡೆ ಕೈಬೆವರು. ನೀನೂ ಗೋಡೆಯ ಚೀಟಿಯಲ್ಲಿ ಇಸವಿಯ ಕೆಳಗೆ ಆ ಹುಡುಗನ ಸಂಬಳ ಎಷ್ಟಿರಬಹುದು ಅಂತ ಯೋಚಿಸಿ ಬರೆ. ಅವನು ಅಂಗಡಿಯಿಂದ ಹೊಸದಾಗಿ ಕೊಂಡಿರಬಹುದಾದದ್ದು ಒಂದು, ಹೆಚ್ಚೆಂದರೆ ಎರಡು. ಅವು ಯಾವುವು ಅಂತ ತೀರ್ಮಾನಿಸು. ಕ್ಯಾಮ್ ಶಾಫ್ಟೋ, ತಲೆಗಳೋ, ಮ್ಯಾನಿಫೋಲ್ಡೋ. ನಾನಾಗಿದ್ದರೆ ಎಡ್ ಇಸ್ಕೆಂಡೇರಿಯನ್ ಅರೆದ ಕ್ಯಾಮ್ ಕೊಂಡು, ಎರಡು ಸ್ಟ್ರಾಂಬರ್ಗನ್ನು ಗುಜರಿಯಿಂದ ತರುತ್ತಿದ್ದೆ. 1936ರಿಂದ ಕೆಲವು ವರ್ಷ ಫೋರ್ಡ್ ವಿ8ಗಳ ಮೇಲೆ ಬರುತ್ತಿದ್ದದ್ದು ಅದೇ ಕಾರ್ಬ್ಯುರೇಟರು, ಆಗ ರಾಶಿ ರಾಶಿ ಸಿಗುತ್ತಿತ್ತು. 97 ಅನ್ನುವುದು ಅದರ ಗಂಟಲಿನ ಅಳತೆ, 0.97 ಇಂಚು.

ದುಡ್ಡಿಲ್ಲದ ಆ ಕಾಲಕ್ಕೆ ಯುದ್ಧದ ಮಿಕ್ಕ ಮಾಲು ದೊಡ್ಡ ಆಸರೆಯಾಗಿತ್ತು. ಬಿಲ್ ಬರ್ಕ್ 1946ರಲ್ಲಿ ಯುದ್ಧವಿಮಾನದ ಹೆಚ್ಚುವರಿ ಇಂಧನ ಟ್ಯಾಂಕಿಗೇ ಚಕ್ರ ಕಟ್ಟಿ ಒಣಕೆರೆಯಲ್ಲಿ ಓಡಿಸಿದರು. ಅಲೆಕ್ಸ್ ಝಿಡಿಯಾಸ್ ಸೇನೆಯಿಂದ ಬಿಡುಗಡೆಯಾದ ದಿನವೇ ಬರ್ಬ್ಯಾಂಕಿನಲ್ಲಿ ಸೋ-ಕ್ಯಾಲ್ ಸ್ಪೀಡ್ ಶಾಪ್ ತೆರೆದರು, ಅದೂ 1946. ಹುಡುಗರು ಯುದ್ಧಕ್ಕೆ ಹೋಗಿದ್ದಾಗ ವೇಡಾ ಆರ್ ಎಂಬ ಹೆಣ್ಣುಮಗಳು ಒಣಕೆರೆಯ ಸುದ್ದಿಗಳನ್ನು ಕಲೆಹಾಕಿ ಮುದ್ರಿಸಿ ಸೈನಿಕರಿಗೆ ಕಳಿಸುತ್ತಿದ್ದರು. ಸ್ವತಃ ರೋಡ್‌ಸ್ಟರ್ ಓಡಿಸಿದವರು. ಈ ಚರಿತ್ರೆ ಹೇಳುವವರು ಅವರ ಹೆಸರನ್ನು ಮರೆಯುವುದು ನನಗೆ ಸಿಟ್ಟು ತರಿಸುತ್ತದೆ, ಅದಕ್ಕೇ ಇಲ್ಲಿ ಸೇರಿಸಿದೆ.

ಎಂಜಿನ್ ವಿಷಯ ನನ್ನ ಹೊಲ, ಇಲ್ಲಿ ಸ್ವಲ್ಪ ನಿಧಾನವಾಗಿ ಓದು. 1932ರ ಮೂಲ ಎಂಜಿನ್ನಿನ ಹಿಂದೆ ಬೀಳಬೇಡ. 1946ರಿಂದ 48ರವರೆಗೆ ಬಂದ, 59ಎ ಅಂತ ಕರೆಯುವ ಬ್ಲಾಕು ಹುಡುಕು. 239 ಕ್ಯೂಬಿಕ್ ಇಂಚು, ಕಾರ್ಖಾನೆಯ ಲೆಕ್ಕದಲ್ಲಿ 100 ಅಶ್ವಶಕ್ತಿ. ಮರ್ಕ್ಯುರಿಯ ನಾಲ್ಕಿಂಚು ಸ್ಟ್ರೋಕಿನ ಕ್ರ್ಯಾಂಕಿನ ಆಸೆ ತೋರಿಸುವವರು ಬರುತ್ತಾರೆ, ಅದು 1949ರದು. ಚೀಟಿ ನೋಡಿಕೋ.

ಈ ಎಂಜಿನ್ನಿನಲ್ಲಿ ವಾಲ್ವುಗಳು ತಲೆಯಲ್ಲಿಲ್ಲ, ಬ್ಲಾಕಿನಲ್ಲೇ ಇವೆ. ಸುಟ್ಟ ಹೊಗೆ ಹೊರಗೆ ಹೋಗಬೇಕಾದರೆ ಬ್ಲಾಕಿನ ಒಳಗಿಂದ, ನೀರಿನ ದಾರಿಯ ನಡುವೆ ಹಾದೇ ಹೋಗಬೇಕು. ನಡುವಿನ ಎರಡು ಸಿಲಿಂಡರಿಗೆ ಹೊಗೆ ಬಿಡಲು ಒಂದೇ ಬಾಯಿ; ಹಾಗಾಗಿ ಒಂದು ಬದಿಗೆ ನಾಲ್ಕು ಸಿಲಿಂಡರಿದ್ದರೂ ಹೊರಗೆ ಕಾಣುವುದು ಮೂರು ಬಾಯಿ. ಈ ವಿನ್ಯಾಸದ ಶಾಪ ಅಂದರೆ ಬಿಸಿ. ಹಾಟ್ ರಾಡ್ ಕಟ್ಟುವವರಲ್ಲಿ ಎಂಟರಲ್ಲಿ ಏಳು ಜನ ದೊಡ್ಡ ರೇಡಿಯೇಟರು ಹಾಕಿ ಬಿಸಿಯನ್ನು ಗೆಲ್ಲಲು ನೋಡುತ್ತಾರೆ (ಲೆಕ್ಕ ನನ್ನದು, ಕೋಪದ್ದು). ಕಾಯಿಲೆ ಇರುವುದು ಒಳಗೆ. ಎರಕ ಹೊಯ್ದಾಗಿನ ಮರಳು, ಎಂಬತ್ತು ವರ್ಷದ ತುಕ್ಕು, ಎರಡೂ ಸೇರಿ ನೀರಿನ ದಾರಿಯ ತಳದಲ್ಲಿ ಗಟ್ಟಿ ಕೂತಿರುತ್ತವೆ. ಬ್ಲಾಕನ್ನು ಬಿಸಿ ಕ್ಷಾರದ ತೊಟ್ಟಿಯಲ್ಲಿ ಅದ್ದಿಸಿ, ಆಮೇಲೆ ನೀನೇ ಕೂತು ಪ್ರತಿ ರಂಧ್ರದೊಳಗೂ ತಂತಿ ಆಡಿಸಿ ಕೆರೆದು ತೆಗೆ. ಬೇಸರದ ಕೆಲಸ. ಒಂದು ಬೋಗುಣಿ ತುಂಬ ಮಣ್ಣು ಬೀಳದಿದ್ದರೆ ನೀನು ಸರಿಯಾಗಿ ಕೆರೆದಿಲ್ಲ.

ಅದಕ್ಕೂ ಮುಂಚೆ ಬಿರುಕು ಪರೀಕ್ಷೆ. ವಾಲ್ವ್ ಸೀಟಿನಿಂದ ಸಿಲಿಂಡರಿನ ಕಡೆಗೆ ಕೂದಲೆಳೆಯ ಬಿರುಕು ಈ ಬ್ಲಾಕುಗಳಿಗೆ ಹುಟ್ಟುಗುಣ. ಬರಿಗಣ್ಣಿಗೆ ಕಾಣದು, ಕಾಂತ ಹಿಡಿದು ಕಬ್ಬಿಣದ ಪುಡಿ ಹಾಕುವ ಮ್ಯಾಗ್ನಾಫ್ಲಕ್ಸ್ ಪರೀಕ್ಷೆಯಲ್ಲಿ ಗೆರೆಯಾಗಿ ಏಳುತ್ತದೆ. ಬೋರ್ ಮಾಡಿಸಿ, ಪಿಸ್ಟನ್ ತಂದು, ಆಮೇಲೆ ಪರೀಕ್ಷೆಗೆ ಕೊಡುವವರನ್ನು ಕಂಡಿದ್ದೇನೆ. ಪರೀಕ್ಷೆ ಮೊದಲು. ಅದು ಪಾಸಾಗುವ ತನಕ ಆ ಬ್ಲಾಕಿಗೆ ಇನ್ನೊಂದು ಡಾಲರು ಹಾಕಬೇಡ.

ವೈರಿಂಗಿನಲ್ಲಿ 6 ವೋಲ್ಟನ್ನೇ ಉಳಿಸಿಕೋ, ಪಾಸಿಟಿವ್ ಗ್ರೌಂಡ್, ಆ ಕಾಲದ ಫೋರ್ಡಿನಂತೆ. ‘6 ವೋಲ್ಟಿನಲ್ಲಿ ಸೆಲ್ಫ್ ಎಳೆಯಲ್ಲ’ ಅನ್ನುವವರ ಕಾರಿನ ಬ್ಯಾಟರಿ ವೈರು ನೋಡು, 12 ವೋಲ್ಟಿನ ಸಣ್ಣ ವೈರು ಹಾಕಿರುತ್ತಾರೆ. ವೋಲ್ಟೇಜು ಅರ್ಧವಾದರೆ ಅಷ್ಟೇ ಕೆಲಸಕ್ಕೆ ಕರೆಂಟು ಎರಡರಷ್ಟು ಹರಿಯಬೇಕು. ಹೆಬ್ಬೆರಳು ದಪ್ಪದ ವೈರು, ಕೆರೆದು ಹೊಳಪು ಬರಿಸಿದ ಗ್ರೌಂಡು, ಇಷ್ಟಿದ್ದರೆ ಎಳೆಯುತ್ತದೆ. ನಿನಗೆ ಓಮನ ನಿಯಮ ಹೇಳಿಕೊಡುವ ಅವಸ್ಥೆ ನನಗೆ ಬರಬಾರದಿತ್ತು.

ಇನ್ನು ಎಲ್ಲಿ ಇಸವಿಯನ್ನು ಮುರಿಯಬಹುದು? ಸೀಟ್ ಬೆಲ್ಟು. ಆಗಿನ ಹುಡುಗರೂ ವಿಮಾನದ ಹಳೇ ಬೆಲ್ಟು ತಂದು ಕಟ್ಟಿಕೊಂಡದ್ದುಂಟು, ಹಾಗಾಗಿ ಪೂರ್ತಿ ಮುರಿದ ಹಾಗೂ ಅಲ್ಲ. ಆ ನಮೂನೆಯ ಕೊಂಡಿ ಹಾಕು, ಪಟ್ಟಿ ಮಾತ್ರ ಹೊಸದಿರಲಿ, ಬೋಲ್ಟು ಚಾಸಿಸ್‌ಗೆ ಹೋಗಲಿ, ತಗಡಿಗಲ್ಲ. ಬ್ರೇಕಿನ ಕೊಳವೆಗಳೆಲ್ಲ ಹೊಸವು. ಟೈರು ಹಳೇ ಮಾದರಿಯಲ್ಲಿ ಹೊಸದಾಗಿ ತಯಾರಾಗುತ್ತವೆ. ನಲವತ್ತು ವರ್ಷ ಗೋದಾಮಿನಲ್ಲಿದ್ದ ‘ಅಸಲಿ’ ಟೈರು ಯಾರಾದರೂ ಪುಕ್ಕಟೆ ಕೊಟ್ಟರೂ ಮುಟ್ಟಬೇಡ. ವೆಲ್ಡಿಂಗು ಯಾವುದರಲ್ಲಾದರೂ ಮಾಡಿಸು, ಕಾಣುವ ಕಡೆ ಮಾತ್ರ ಗ್ಯಾಸ್ ವೆಲ್ಡಿಂಗಿನ ಗೆರೆ ಇರಲಿ.

ಬಾಡಿಯ ವಿಚಾರಕ್ಕೆ ನೀನು ತಲೆ ಕೆಡಿಸಿಕೊಂಡಿದ್ದೀಯ ಅಂತ ನಿಮ್ಮಕ್ಕ ಹೇಳಿದಳು. 1932ರ ಅಸಲಿ ಉಕ್ಕಿನ ರೋಡ್‌ಸ್ಟರ್ ಬಾಡಿ ಸಿಗುವುದು ಕಷ್ಟ, ಸಿಕ್ಕರೆ ಬೆಲೆ ನಿನ್ನ ಎರಡನೇ ಮಗುವಿನ ಕಾಲೇಜು ಫೀಸಿನಷ್ಟು. ಒಹಾಯೋದ ಬ್ರೂಕ್‌ವಿಲ್‌ನವರು ಅದೇ ಆಕಾರದಲ್ಲಿ ಹೊಸ ಉಕ್ಕಿನ ಬಾಡಿ ಅಚ್ಚೊತ್ತಿ ಕೊಡುತ್ತಾರೆ. ತಗೋ, ತಪ್ಪಿಲ್ಲ. ಯಾರಾದರೂ ಕೇಳಿದರೆ ಮಾತ್ರ ಹೊಸದು ಅಂತಲೇ ಹೇಳು. ಕಾಗದಪತ್ರದಲ್ಲೂ ಅಷ್ಟೇ. ಹೊಸ ಬಾಡಿ, ಹೊಸ ಚಾಸಿಸ್ ಸೇರಿಸಿ ಕಟ್ಟಿದ್ದನ್ನು ಎಲ್ಲಿಂದಲೋ ತಂದ 1932ರ ಕಾಗದಕ್ಕೆ ಅಂಟಿಸಿ ನೋಂದಾಯಿಸುವ ಉಪಾಯ ಹೇಳಿಕೊಡುವವರಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಕಾರಿಗೆ ವಿಶೇಷವಾಗಿ ಕಟ್ಟಿದ ವಾಹನ ಅನ್ನುವ ವರ್ಗವೇ ಇದೆ, ಅದರಲ್ಲೇ ಮಾಡಿಸು. ಹಳೇ ಚಾಸಿಸ್ ಕೊಂಡರೆ ಎಡಗಡೆಯ ಕಂಬಿಯ ಮೇಲೆ ಕುಟ್ಟಿದ ನಂಬರು ಕಾಗದದ ನಂಬರಿಗೆ ತಾಳೆಯಾಗುತ್ತದಾ ನೋಡು. 1932ರ ವಿ8 ಆದರೆ ಅದು 18ರಿಂದ ಶುರುವಾಗುತ್ತದೆ. ಇದೆಲ್ಲ ತಲೆನೋವು ಅನ್ನಿಸಿದರೆ ಊರನ್ನು ನೆನೆದುಕೋ. ಜೆ.ಸಿ. ರಸ್ತೆಯಲ್ಲಿ ಏನು ಬೇಕಾದರೂ ಸಿಗುತ್ತೆ, ಶಿವಾಜಿನಗರದ ಗುಜರಿಯಲ್ಲಿ ಮಿಕ್ಕದ್ದು ಸಿಗುತ್ತೆ, ಆದರೆ ಕಾರ್ಖಾನೆ ಕೊಟ್ಟ ರೂಪ ಬದಲಿಸಿದ ಗಾಡಿಗೆ ನೋಂದಣಿ ಸಲ್ಲದು ಅಂತ ಸುಪ್ರೀಂ ಕೋರ್ಟೇ 2019ರಲ್ಲಿ ಹೇಳಿಬಿಟ್ಟಿದೆ. ಇಲ್ಲಿ ನಿನಗೆ ಕಾನೂನು ದಾರಿ ಬಿಟ್ಟಿದೆ, ಆ ದಾರಿಯಲ್ಲೇ ಹೋಗು.

ಕಟ್ಟಿ ಮುಗಿಸಿದ ಮೇಲೆ ಬಟ್ಟೆ ಹೊದಿಸಿ ಇಡುವ ಹಾಗಿದ್ದರೆ ಈಗಲೇ ಹೇಳು, ನಾನು ಸಹಾಯಕ್ಕೆ ಬರುವುದಿಲ್ಲ. ಭಾನುವಾರ ತರಕಾರಿ ತರಲು ಅದರಲ್ಲೇ ಹೋಗಬೇಕು. ಮಡ್‌ಗಾರ್ಡಿಲ್ಲದ ಕಾರಿನ ಮುಂದಿನ ಟೈರು ಎಸೆಯುವ ಕಲ್ಲಿಗೆ ಬಣ್ಣ ಏಳಬೇಕು. ಅದಕ್ಕೇ ಹೇಳುವುದು, ಬಣ್ಣ ಒಂದೇ ಕೋಟಿನ ಕಪ್ಪಿರಲಿ, ಎದ್ದಲ್ಲಿ ತೇಪೆ ಹಚ್ಚಲು ಬರುತ್ತದೆ.

ಆ ಫಾಂಟಾನಾದವನ ಹತ್ತಿರ ಬ್ಲಾಕು ಇದೆ ಅಂದೆಯಲ್ಲ, ನೋಡಲು ಹೋಗುವ ದಿನ ನನ್ನನ್ನೂ ಕರಕೊಂಡು ಹೋಗು. ಟಾರ್ಚು, ಅಳತೆಯ ಗೇಜು ನಾನು ತರುತ್ತೇನೆ. ವ್ಯಾಪಾರದ ಮಾತು ಮಾತ್ರ ನೀನೇ ಆಡಬೇಕು. ಒಳ್ಳೇ ಎರಕ ಕಂಡರೆ ನನ್ನ ಮುಖ ಅರಳಿಬಿಡುತ್ತದೆ, ಅವನು ತಕ್ಷಣ ಇನ್ನೂರು ಡಾಲರು ಏರಿಸುತ್ತಾನೆ.